ಇನ್ಕೊನೆಲ್ ಜಾಬ್: ಸವೆಯುವ ಟೂಲ್, ಕೆಡುವ ಮೈ – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಇನ್ಕೊನೆಲ್ 718 ಎಂಬ, ಬಿಸಿ ತಡೆಯುವ ನಿಕ್ಕಲ್ ಮಿಶ್ರಲೋಹದ ಕುರಿತೇ ಇವೆ. ವಿಮಾನ ಕಟ್ಟುವ ಎಚ್‌ಎಎಲ್, ಜೆಟ್ ಎಂಜಿನ್ ಸಂಶೋಧಿಸುವ ಜಿಟಿಆರ್‌ಇ ಇರುವ ಬೆಂಗಳೂರಿನ ಸುತ್ತ ಇಂಥ ಜಾಬ್ (ಕತ್ತರಿಸಿ ರೂಪಿಸಬೇಕಾದ ತುಂಡು) ಸಣ್ಣ ಶಾಪ್‌ಗಳಿಗೂ ಬರುವುದು ಸಹಜ. ಒಂದೇ ಬಗೆಯ ಪತ್ರಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ (ಪೀಣ್ಯ, ಬೆಂಗಳೂರು): ಏಜಿಂಗ್ (ಕುಲುಮೆಯಲ್ಲಿ ಬಿಸಿಯಿಟ್ಟು ಗಟ್ಟಿ ಮಾಡುವುದು) ಆದ 718 ರಿಂಗ್, ಹೊರ ವ್ಯಾಸ 210 ಮಿ.ಮೀ., ಗಡಸುತನ 43 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಮಾಪನ). ಸಿಎನ್‌ಎಂಜಿ 120408 ಕಾರ್ಬೈಡ್ ಇನ್ಸರ್ಟ್ (ಹೋಲ್ಡರಿಗೆ ಕೂರಿಸಿ ಬದಲಿಸುವ ಕತ್ತರಿಸುವ ತುಣುಕು), ನಿಮಿಷಕ್ಕೆ 60 ಮೀಟರ್ ವೇಗ, ಫೀಡ್ (ಒಂದು ಸುತ್ತಿಗೆ ಟೂಲ್ ಸಾಗುವ ದೂರ) 0.15 ಮಿ.ಮೀ., ಪ್ರತಿ ಪಾಸಿಗೂ 2 ಮಿ.ಮೀ. ಆಳ. ನಾಲ್ಕೈದು ನಿಮಿಷಕ್ಕೆ ಇನ್ಸರ್ಟ್ ಹೋಗುತ್ತದೆ. ಮೂಗು ಚೆನ್ನಾಗಿಯೇ ಇರುತ್ತದೆ, ಸ್ವಲ್ಪ ಮೇಲೆ ಒಂದು ಕಚ್ಚು ಬಿದ್ದಿರುತ್ತದೆ. ಸ್ಪೀಡ್ ಇಳಿಸಿದರೂ ಅಷ್ಟೇ. ಗ್ರೇಡ್ ಬದಲಿಸಬೇಕೇ?

ಉತ್ತರ: ಗ್ರೇಡಿಗೆ ಕೈ ಹಾಕುವುದು ಕೊನೆಗೆ. ಕಚ್ಚು ಎಲ್ಲಿ ಬಿದ್ದಿದೆ ಎಂದು ನೀವೇ ಬರೆದಿದ್ದೀರಿ, ಅರ್ಧ ಉತ್ತರ ಅದರಲ್ಲೇ ಇದೆ. ಮೂಗಿನಿಂದ ಸುಮಾರು 2 ಮಿ.ಮೀ. ಮೇಲೆ, ಅಂದರೆ ಜಾಬಿನ ಹಳೆಯ ಮೈ ಇನ್ಸರ್ಟ್ ಅಂಚನ್ನು ಮುಟ್ಟುವ ಗೆರೆಯಲ್ಲೇ ಅದು ಬಿದ್ದಿದೆ. ಇದಕ್ಕೆ ನಾಚ್ ವೇರ್ ಎನ್ನುತ್ತೇವೆ.

ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸಿದರೆ ಆ ಜಾಗ ಬಿರುಸಾಗುತ್ತದಲ್ಲ, ನಿಕ್ಕಲ್ ಮಿಶ್ರಲೋಹದಲ್ಲಿ ಪ್ರತಿ ಪಾಸೂ ಅದನ್ನೇ ಮಾಡುತ್ತದೆ. ಕತ್ತರಿಸಿದ ಮೈಯ ಕೆಳಗೆ 0.1 ಮಿ.ಮೀ. ಆಸುಪಾಸಿನ ಗಟ್ಟಿ ಪದರವೊಂದು ಉಳಿಯುತ್ತದೆ. ಟೂಲ್ ಮೊಂಡಾಗಿದ್ದರೆ ಪದರ ಇನ್ನೂ ದಪ್ಪ. ಮುಂದಿನ ಪಾಸಿನಲ್ಲಿ ಇನ್ಸರ್ಟಿನ ಉಳಿದ ಅಂಚೆಲ್ಲ ಒಳಗಿನ ಮೆದು ಲೋಹದಲ್ಲಿ ಓಡುತ್ತಿದ್ದರೆ, ಆ ಒಂದು ಬಿಂದು ಮಾತ್ರ ಗಟ್ಟಿ ಪದರವನ್ನೂ ಅದರ ಮೇಲಿನ ಬರ್ (ಅಂಚಿನಲ್ಲಿ ಎದ್ದ ಮುಳ್ಳು) ಅನ್ನೂ ಸತತವಾಗಿ ಉಜ್ಜುತ್ತದೆ. ಕತ್ತರಿಸಿ ಬರುವ ಲೋಹದ ಸುರುಳಿ, ಅಂದರೆ ಚಿಪ್ಪಿನ ಗರಗಸದಂಥ ಅಂಚು ಹಾಯುವುದೂ, ಗಾಳಿ ತಾಕಿ ಕೋಟಿಂಗ್ ಆಕ್ಸಿಡೈಸ್ ಆಗುವುದೂ ಅಲ್ಲೇ. ಸ್ಪೀಡ್ ಇಳಿಸಿದರೆ ಇದಕ್ಕೆ ಪೂರ್ತಿ ಪರಿಹಾರ ಸಿಗದಿರುವುದು ಈ ಕಾರಣಕ್ಕೆ.

ನೀವು ಎಲ್ಲ ಪಾಸುಗಳನ್ನೂ 2 ಮಿ.ಮೀ. ಆಳದಲ್ಲೇ ಇಟ್ಟಿದ್ದೀರಿ, ಹಾಗಾಗಿ ಏಟು ಬಿದ್ದ ಕಡೆಯೇ ಮತ್ತೆ ಬೀಳುತ್ತಿದೆ. ಮೊದಲು ಇದನ್ನು ಬದಲಿಸಿ: 2.0, 1.5, 1.8, 1.2 ಹೀಗೆ ಆಳ ಹೊಂದಿಸಿ. ಇನ್ನೂ ಒಳ್ಳೆಯ ದಾರಿ ಎಂದರೆ ಪ್ರೋಗ್ರಾಮಿನಲ್ಲೇ ಇಳಿಜಾರು ಕೊಡುವುದು. ಒಂದು ಪಾಸು 2 ಮಿ.ಮೀ. ಆಳದಲ್ಲಿ ಶುರುವಾಗಿ 1 ಮಿ.ಮೀ.ಗೆ ಮುಗಿಯಲಿ, ಮುಂದಿನ ಪಾಸು ಉಳಿದ ಓರೆಯನ್ನು ತೆಗೆಯಲಿ. ಉಜ್ಜುವ ಬಿಂದು ಅಂಚಿನ ಉದ್ದಕ್ಕೂ ಸರಿಯುತ್ತಾ ಹೋಗುವುದರಿಂದ ಒಂದೇ ಕಡೆ ಕಚ್ಚು ಬೀಳುವುದಿಲ್ಲ. ಖರ್ಚಿಲ್ಲದ ಕೆಲಸ, ಎರಡು ಸಾಲು ಪ್ರೋಗ್ರಾಂ ತಿದ್ದಿದರೆ ಆಯಿತು.

ಎರಡನೆಯದು ಹೋಲ್ಡರ್ ಕೋನ. ಸಿಎನ್‌ಎಂಜಿಯ ಸಾಮಾನ್ಯ ಹೋಲ್ಡರಿನಲ್ಲಿ ಅಂಚು ಜಾಬಿಗೆ 95 ಡಿಗ್ರಿಯಲ್ಲಿ ನಿಲ್ಲುತ್ತದೆ. ಫೀಡ್ ಎಷ್ಟೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ದಪ್ಪ, ಭಾರವೆಲ್ಲ ಚಿಕ್ಕ ಅಂಚಿನ ಮೇಲೆ. ರಫಿಂಗಿಗೆ (ಹೆಚ್ಚಿನ ಲೋಹ ತೆಗೆಯುವ ಮೊದಲ ಹಂತಕ್ಕೆ) ಚೌಕಾಕಾರದ ಎಸ್‌ಎನ್‌ಎಂಜಿ ಹಾಕಿ 45 ಡಿಗ್ರಿ ಕೋನದಲ್ಲಿ ಓಡಿಸಿದರೆ 0.2 ಫೀಡಿನಲ್ಲೂ ಚಿಪ್ಪಿನ ದಪ್ಪ 0.14 ಮಾತ್ರ, ಭಾರ ಹಂಚಿಕೊಳ್ಳುವ ಅಂಚಿನ ಉದ್ದ 1.4 ಪಟ್ಟು. 12 ಮಿ.ಮೀ. ದುಂಡು ಇನ್ಸರ್ಟ್ ಇನ್ನೂ ಗಟ್ಟಿ, ಆದರೆ ಆಳ ಅದರ ವ್ಯಾಸದ ಕಾಲು ಭಾಗ, ಅಂದರೆ 3 ಮಿ.ಮೀ. ದಾಟಬಾರದು, 1.5ರಿಂದ 2 ಒಳ್ಳೆಯದು. ಒಂದು ಎಚ್ಚರಿಕೆ: 45 ಡಿಗ್ರಿಯೂ ದುಂಡು ಇನ್ಸರ್ಟೂ ಜಾಬನ್ನು ಒಳಕ್ಕೆ ತಳ್ಳುತ್ತವೆ. ನಿಮ್ಮ ರಿಂಗಿನ ಗೋಡೆ ತೆಳುವಾಗಿದ್ದರೆ ಚಾಟರ್ (ನಡುಕ) ಬರುತ್ತದೆ, ಆಗ 75 ಡಿಗ್ರಿ ಹೋಲ್ಡರ್ ನಡುವಿನ ದಾರಿ.

ವೇಗ 45ಕ್ಕೆ ತನ್ನಿ. 210 ವ್ಯಾಸದಲ್ಲಿ ಅದು ಸುಮಾರು 68 ಆರ್‌ಪಿಎಂ. ಗ್ರೇಡ್ ಐಎಸ್‌ಒ ಎಸ್ (ಬಿಸಿ ತಡೆಯುವ ಮಿಶ್ರಲೋಹಗಳ) ಗುಂಪಿನದಾಗಿರಲಿ, ತೆಳುವಾದ ಪಿವಿಡಿ ಕೋಟಿಂಗಿನ ಚೂಪು ಅಂಚು ಇರಲಿ. ಸ್ಟೀಲಿಗೆಂದು ಇಟ್ಟ ದಪ್ಪ ಸಿವಿಡಿ ಕೋಟಿಂಗಿನ ಇನ್ಸರ್ಟನ್ನು ಇಲ್ಲಿ ಮುಗಿಸಿಬಿಡೋಣ ಎಂದು ಹಾಕಬೇಡಿ.

ಇನ್ನು ಮುಂದೆ ಇನ್ಸರ್ಟ್ ಎಸೆಯುವ ಮುನ್ನ 10 ಪಟ್ಟು ಭೂತಗನ್ನಡಿಯಲ್ಲಿ ಒಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಪಕ್ಕದ ಮೈ ಉದ್ದಕ್ಕೂ ಒಂದೇ ಸಮ ಸವೆದಿದ್ದರೆ ಅದು ಸಹಜ ಸಾವು, ಆಯಸ್ಸು ಬೇಕಿದ್ದರೆ ಸ್ಪೀಡ್ ಇಳಿಸಿ. ಮೂಗು ಉಬ್ಬಿ ಕುಸಿದಿದ್ದರೆ ಬಿಸಿ ಅತಿಯಾಗಿದೆ. 718 ಶಾಖವನ್ನು ಸಾಗಿಸುವುದು ಮಾಮೂಲಿ ಕಾರ್ಬನ್ ಸ್ಟೀಲಿನ ಕಾಲು ಭಾಗಕ್ಕಿಂತಲೂ ಕಡಿಮೆ, ಹಾಗಾಗಿ ಬಿಸಿಯೆಲ್ಲ ಅಂಚಿನಲ್ಲೇ ನಿಲ್ಲುತ್ತದೆ. ಅಂಚಿನ ಮೇಲೆ ಲೋಹ ಮೆತ್ತಿಕೊಂಡು ಕೋಟಿಂಗ್ ಚಕ್ಕೆ ಎದ್ದಿದ್ದರೆ ಸ್ಪೀಡ್ ತೀರಾ ಕಡಿಮೆ ಅಥವಾ ಅಂಚು ಮೊಂಡು. ಈ ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲದಕ್ಕೂ ಸ್ಪೀಡ್ ಇಳಿಸುವುದೇ ಮದ್ದೆಂದು ಕೂತರೆ ಕೊನೆಯದರಲ್ಲಿ ರೋಗ ಹೆಚ್ಚುತ್ತದೆ.

ಪ್ರಶ್ನೆ (ಮೈಸೂರು): ಡ್ರಾಯಿಂಗಿನಲ್ಲಿ ಆರ್‌ಎ (ಮೈಯ ಸರಾಸರಿ ಒರಟುತನ) 0.8 ಮೈಕ್ರಾನ್. ನಮ್ಮ ಮೀಟರ್ 0.5 ತೋರಿಸುತ್ತದೆ. ಆದರೂ ಗಿರಾಕಿಯ ಇನ್‌ಸ್ಪೆಕ್ಷನ್‌ನಲ್ಲಿ ‘ಮೈ ಕೆಟ್ಟಿದೆ’ ಎಂದು ವಾಪಸ್ ಬಂತು. ಫೀಡ್ 0.12, ಮೂಗಿನ ರೇಡಿಯಸ್ 0.8. ನಾವು ಎಲ್ಲಿ ತಪ್ಪಿದ್ದೇವೆ?

ಉತ್ತರ: ಮೊದಲು ಲೆಕ್ಕ. ಫೀಡಿನ ವರ್ಗವನ್ನು ಮೂಗಿನ ರೇಡಿಯಸ್ಸಿನ 32 ಪಟ್ಟಿನಿಂದ ಭಾಗಿಸಿದರೆ ಬರಬೇಕಾದ ಆರ್‌ಎ ಸಿಗುತ್ತದೆ. 0.0144 ಭಾಗಿಸು 25.6, ಅಂದರೆ 0.56 ಮೈಕ್ರಾನ್. ಹೊಸ ಅಂಚು, ಗಟ್ಟಿ ಸೆಟಪ್ ಇದ್ದರೂ ನಿಜವಾದ ಓದು ಇದಕ್ಕಿಂತ ಸ್ವಲ್ಪ ಹೆಚ್ಚೇ ಇರಬೇಕು. ನಿಮ್ಮದು ಕಡಿಮೆ ಬಂದಿದೆ. ಖುಷಿಪಡುವ ಬದಲು ಅನುಮಾನ ಪಡಬೇಕಾದ ಜಾಗ ಇದು.

ಸವೆದ ಇನ್ಸರ್ಟ್ ಫೀಡಿನ ಗೆರೆಗಳ ತುದಿಯನ್ನು ಒತ್ತಿ, ಬಳಿದು, ನಯ ಮಾಡುತ್ತದೆ. ಮೀಟರಿನ ಸೂಜಿ ಅದರ ಮೇಲೆ ಹಾಯುವಾಗ ಆರ್‌ಎ ಇಳಿದಂತೆ ಕಾಣುತ್ತದೆ, ಕಣ್ಣಿಗೆ ಹೊಳಪೂ ಇರುತ್ತದೆ. ಕೆಳಗೆ ನಡೆದಿರುವುದು ಬೇರೆಯೇ: ಲೋಹದ ಕಣಗಳು ಕತ್ತರಿಸಿದ ದಿಕ್ಕಿಗೆ ಎಳೆದುಕೊಂಡು ಬಾಗಿವೆ, ಅಲ್ಲಲ್ಲಿ ಟೂಲಿಗೆ ಮೆತ್ತಿದ ಲೋಹ ಕಳಚಿ ಜಾಬಿನ ಮೈಗೆ ಅಂಟಿದೆ, ಗಟ್ಟಿ ನಯೋಬಿಯಂ ಕಾರ್ಬೈಡ್ ಕಣಗಳು ಬಿರುಕುಬಿಟ್ಟು ಇಲ್ಲವೇ ಕಿತ್ತು ಬಂದು ಸಣ್ಣ ಗುಳಿ, ಗೀರು ಬಿದ್ದಿವೆ. ಎಲ್ಲಕ್ಕಿಂತ ಕೆಟ್ಟದ್ದು, ಮೇಲ್ಪದರದಲ್ಲಿ ಎಳೆತದ ಒತ್ತಡ ಉಳಿದುಬಿಡುತ್ತದೆ. ಎಂಜಿನ್ನಿನಲ್ಲಿ ಬಿಸಿಯಾಗುತ್ತಾ, ತಿರುಗುತ್ತಾ, ಸಾವಿರಾರು ಸಲ ಭಾರ ಹೊತ್ತು ಇಳಿಸುವ ಭಾಗಕ್ಕೆ ಬಿರುಕು ಹುಟ್ಟಲು ಅಷ್ಟು ಸಾಕು. ಆರ್‌ಎ ಒಂದು ಸರಾಸರಿ ಮಾತ್ರ, ಈ ಯಾವುದನ್ನೂ ಅದು ಹೇಳುವುದಿಲ್ಲ.

ಮೈಯ ಕೆಳಗಿನ ಕೆಡುಕನ್ನು ವಿಮಾನ ಉದ್ಯಮ ಇಷ್ಟು ಕಟ್ಟುನಿಟ್ಟಾಗಿ ನೋಡಲು ಕಾರಣವಿದೆ. 1996ರ ಜುಲೈ 6ರಂದು ಅಮೆರಿಕದ ಪೆನ್ಸಕೋಲದಲ್ಲಿ ಎಂಡಿ-88 ವಿಮಾನವೊಂದು ಟೇಕಾಫ್‌ಗೆ ಓಡುತ್ತಿದ್ದಾಗ ಎಂಜಿನ್ನಿನ ಮುಂದಿನ ಫ್ಯಾನ್ ಹಬ್ ಸಿಡಿದು ಇಬ್ಬರು ಸತ್ತರು. ಹಬ್ ಟೈಟಾನಿಯಂನದು, ನಿಕ್ಕಲ್ ಅಲ್ಲ. ಆದರೆ ಬಿರುಕು ಹುಟ್ಟಿದ್ದು ಡ್ರಿಲ್ ಮಾಡುವಾಗ ಒಳಗೋಡೆಯ ಲೋಹ ಬದಲಾಗಿ ಗಡುಸಾಗಿದ್ದ ಒಂದು ತೂತಿನಲ್ಲಿ. ನಿಮ್ಮ ಗಿರಾಕಿ ವಾಪಸ್ ಕಳಿಸಿದ್ದನ್ನು ಕಿರಿಕಿರಿ ಎಂದು ನೋಡಬೇಡಿ.

ಈಗ ಮಾಡಬೇಕಾದದ್ದು. ಫಿನಿಶ್ ಪಾಸಿಗೆ ಬೇರೆ ಇನ್ಸರ್ಟನ್ನೇ ಇಡಿ, ರಫಿಂಗಿನಲ್ಲಿ ದುಡಿದ ಮೂಲೆಯನ್ನು ಫಿನಿಶಿಗೆ ತರಬೇಡಿ. ಆಳ 0.25ರಿಂದ 0.5 ಮಿ.ಮೀ. ಇರಲಿ. 0.05, 0.1 ಎಂದು ಸವರಿಕೊಂಡು ಹೋದರೆ ಟೂಲ್ ಇಡೀ ಹಿಂದಿನ ಪಾಸಿನ ಗಟ್ಟಿ ಪದರದೊಳಗೇ ಓಡುತ್ತದೆ, ಕತ್ತರಿಸುವ ಬದಲು ಉಜ್ಜುತ್ತದೆ. ಇದೇ ಕಾರಣಕ್ಕೆ ಕೊನೆಗೊಂದು ‘ಖಾಲಿ ಪಾಸ್’ ಓಡಿಸುವ ಹಳೆ ಅಭ್ಯಾಸವನ್ನು ನಿಕ್ಕಲ್ಲಿನಲ್ಲಿ ಬಿಟ್ಟುಬಿಡಿ. ಪಾಸಿನ ಮಧ್ಯೆ ಫೀಡ್ ಹೋಲ್ಡ್ ಒತ್ತಿದರೂ ಆ ಜಾಗ ಗಟ್ಟಿಯಾಗಿ ಒಂದು ಉಂಗುರದಂತೆ ಉಳಿಯುತ್ತದೆ.

ಇನ್ಸರ್ಟ್ ಬದಲಿಸುವುದನ್ನು ಆಪರೇಟರ್ ಕಣ್ಣಂದಾಜಿಗೆ ಬಿಡದೆ ಕತ್ತರಿಸಿದ ಉದ್ದದ ಲೆಕ್ಕಕ್ಕೆ ಕಟ್ಟಿಹಾಕಿ. ವ್ಯಾಸವನ್ನು 3.14ರಿಂದಲೂ ಪಾಸಿನ ಉದ್ದದಿಂದಲೂ ಗುಣಿಸಿ, ಫೀಡಿನ 1000 ಪಟ್ಟಿನಿಂದ ಭಾಗಿಸಿದರೆ ಮೀಟರಿನಲ್ಲಿ ಉದ್ದ ಬರುತ್ತದೆ. 180 ವ್ಯಾಸ, 90 ಉದ್ದ, 0.12 ಫೀಡ್ ಆದರೆ ಸುಮಾರು 424 ಮೀಟರ್. 45 ಮೀಟರ್ ವೇಗದಲ್ಲಿ ಒಂಬತ್ತೂವರೆ ನಿಮಿಷದಷ್ಟು. ನಿಮ್ಮ ಇನ್ಸರ್ಟಿನ ಪಕ್ಕದ ಸವೆತ ಎಷ್ಟು ಮೀಟರಿಗೆ 0.15 ಮಿ.ಮೀ. ಮುಟ್ಟುತ್ತದೆ ಎಂದು ಟೂಲ್‌ಮೇಕರ್ ಮೈಕ್ರೋಸ್ಕೋಪಿನಲ್ಲಿ ಒಮ್ಮೆ ಅಳೆದು, ಅದಕ್ಕಿಂತ ಮೊದಲೇ ಬದಲಿಸಿ. ಲ್ಯಾಬಿನ ಸಾಮಾನ್ಯ ಮಿತಿ 0.3 ಮಿ.ಮೀ.; ಇಂಥ ಫಿನಿಶ್ ಕೆಲಸಕ್ಕೆ ಅದು ಹೆಚ್ಚಾಯಿತು. ಅಳತೆಗೂ ಇದೇ ಲೆಕ್ಕ ನೆರವಾಗುತ್ತದೆ: 6 ಡಿಗ್ರಿ ಕ್ಲಿಯರೆನ್ಸ್ ಇರುವ ಅಂಚು 0.2 ಸವೆದರೆ ಸುಮಾರು 0.02 ಹಿಂದೆ ಸರಿಯುತ್ತದೆ, ವ್ಯಾಸ 0.04 ದಪ್ಪವಾಗುತ್ತದೆ. ಉದ್ದನೆಯ ಪಾಸಿನಲ್ಲಿ ‘ಲೇತ್ ಟೇಪರ್ ತಿರುಗಿಸುತ್ತಿದೆ’ ಎಂಬ ದೂರು ಬಂದಾಗ ಹೆಡ್‌ಸ್ಟಾಕ್ ಬಿಚ್ಚುವ ಮುಂಚೆ ಇನ್ಸರ್ಟ್ ನೋಡಿ.

ಗಿರಾಕಿಗೆ ನಂಬಿಕೆ ಬರಲು ಒಂದು ಸ್ಯಾಂಪಲ್ ಕೊಯ್ದು, ಮೌಂಟ್ ಮಾಡಿ, ಪಾಲಿಷ್ ಮಾಡಿ, ಕಾಲಿಂಗ್ಸ್ ನಂಬರ್ 2 ಎಂಬ ಆಮ್ಲ ದ್ರಾವಣದಲ್ಲಿ ಎಚಿಂಗ್ ಮಾಡಿಸಿ, 500 ಪಟ್ಟಿನಲ್ಲಿ ಅಡ್ಡಕೊಯ್ತ ತೋರಿಸಿ. ಬಾಗಿದ ಪದರ ಎಷ್ಟು ಆಳ ಎಂದು ಅಲ್ಲಿ ನೇರವಾಗಿ ಕಾಣುತ್ತದೆ. ಎಮರಿ ಕಾಗದ ಹಿಡಿದು ಹೊಳಪು ಕೊಡುವುದು ಮಾತ್ರ ಬೇಡ. ಹರಿದ ಲೋಹವನ್ನು ಮುಚ್ಚುವುದಷ್ಟೇ ಅದರಿಂದ ಆಗುವುದು.

ಪ್ರಶ್ನೆ (ಉದ್ಯಮಬಾಗ, ಬೆಳಗಾವಿ): ಏಜಿಂಗ್ ಆದ 718ರಲ್ಲಿ ಎಂ8 ಬ್ಲೈಂಡ್ ಹೋಲ್ (ತಳ ಮುಚ್ಚಿದ ತೂತು), 20 ಮಿ.ಮೀ. ಥ್ರೆಡ್. ಎರಡು ಮೂರು ಹೋಲಿಗೆ ಒಂದು ಟ್ಯಾಪ್ (ಥ್ರೆಡ್ ಕೊರೆಯುವ ಟೂಲ್) ಮುರಿಯುತ್ತಿದೆ.

ಉತ್ತರ: ಮುರಿಯುವುದು ಟ್ಯಾಪ್ ಆದರೂ ತಪ್ಪು ಬಹುಮಟ್ಟಿಗೆ ಡ್ರಿಲ್ಲಿನದು. ಮೊಂಡು ಡ್ರಿಲ್ ಹೋಲಿನ ಗೋಡೆಯನ್ನು ಗಟ್ಟಿ ಮಾಡಿಟ್ಟು ಹೋಗಿರುತ್ತದೆ, ಟ್ಯಾಪಿನ ಹಲ್ಲು ಅದನ್ನೇ ಕಚ್ಚಬೇಕು. ಸಾಲಿಡ್ ಕಾರ್ಬೈಡ್ ಡ್ರಿಲ್, ಒಳಗಿನಿಂದ ಕೂಲೆಂಟ್, ವೇಗ 20 ಮೀಟರ್ ಅಂದರೆ ಸುಮಾರು 920 ಆರ್‌ಪಿಎಂ, ಫೀಡ್ ಸುತ್ತಿಗೆ 0.06ರ ಆಸುಪಾಸು. ತಳದಲ್ಲಿ ಡ್ವೆಲ್ (ನಿಂತಲ್ಲೇ ತಿರುಗುವುದು) ಬೇಡ.

ಡ್ರಿಲ್ ಸೈಜ್ 6.8 ಬಿಟ್ಟು 6.9 ಮಾಡಿ. ಎಂ8ರ 6ಎಚ್ (ಒಳ ಥ್ರೆಡ್ಡಿನ ಟಾಲರೆನ್ಸ್ ದರ್ಜೆ) ಮಿತಿಯಲ್ಲಿ ಒಳವ್ಯಾಸ 6.912ರ ವರೆಗೆ ಹೋಗಬಹುದು. ಥ್ರೆಡ್ಡಿನ ಎತ್ತರ ಶೇ 74ರಿಂದ 68ಕ್ಕೆ ಇಳಿಯುತ್ತದೆ, ಟ್ಯಾಪಿನ ಹೊರೆ ಗಣನೀಯವಾಗಿ ತಗ್ಗುತ್ತದೆ. ಆದರೆ 0.01 ಮಾತ್ರ ಅಂತರ ಉಳಿಯುವುದರಿಂದ ಡ್ರಿಲ್ಲಿನ ರನ್‌ಔಟ್ (ಓಲಾಟ) ಡಯಲ್ ಹಚ್ಚಿ ನೋಡಲೇಬೇಕು, ಮೊದಲ ಹೋಲನ್ನು ಪ್ಲಗ್ ಗೇಜಿನಲ್ಲಿ ಪರೀಕ್ಷಿಸಲೇಬೇಕು. ಟ್ಯಾಪ್ ಪೌಡರ್ ಮೆಟಲ್ ಎಚ್‌ಎಸ್‌ಎಸ್‌ನದು, ನಿಕ್ಕಲ್ಲಿಗೆಂದೇ ಮಾಡಿದ್ದು. 100 ಆರ್‌ಪಿಎಂ ಸಾಕು. ಎಮಲ್ಷನ್ (ನೀರು ಬೆರೆಸಿದ ಎಣ್ಣೆ) ನಿಲ್ಲಿಸಿ, ನೀರು ಬೆರೆಸದ ಕಟ್ಟಿಂಗ್ ಆಯಿಲ್ ಹಾಕಿ. ಥ್ರೆಡ್ ಮುಗಿದ ಮೇಲೆ ಮೂರು ನಾಲ್ಕು ಪಿಚ್‌ನಷ್ಟಾದರೂ ಹೋಲ್ ಆಳವಿರಲಿ.

ಜಾಬ್ ದುಬಾರಿಯಾಗಿದ್ದರೆ ನಮ್ಮ ಸಲಹೆ ಟ್ಯಾಪ್ ಬಿಟ್ಟು ಥ್ರೆಡ್ ಮಿಲ್ಲಿಂಗಿಗೆ ಹೋಗುವುದು. 6 ಮಿ.ಮೀ. ವ್ಯಾಸದ, ತುದಿಯಲ್ಲಷ್ಟೇ ಹಲ್ಲಿರುವ ಮೂರು ಫ್ಲೂಟಿನ ಕಾರ್ಬೈಡ್ ಕಟರ್, 1600 ಆರ್‌ಪಿಎಂ, ಹಲ್ಲಿಗೆ 0.02 ಫೀಡ್. ಅಂಚಿನಲ್ಲಿ ಇದು ನಿಮಿಷಕ್ಕೆ 96 ಮಿ.ಮೀ.; ಮಷೀನಿನ ಪ್ರೋಗ್ರಾಂ ಕಟರಿನ ಕೇಂದ್ರದ ಫೀಡ್ ಕೇಳುವುದಾದರೆ 8ರಿಂದ 6 ಕಳೆದು 8ರಿಂದ ಭಾಗಿಸಿದ ಪಾಲು, ಅಂದರೆ ಕಾಲು ಭಾಗ, 24 ಮಾತ್ರ ಕೊಡಬೇಕು. ಈ ಕಾಲು ಭಾಗವನ್ನು ಮರೆತು ಕಟರ್ ಮುರಿದವರೇ ಹೆಚ್ಚು. ತಳದಿಂದ ಮೇಲಕ್ಕೆ, ಜಿ03ರಲ್ಲಿ (ಅಪ್ರದಕ್ಷಿಣೆಯಾಗಿ) ಎರಡು ಪಾಸು ಓಡಿಸಿ. ಒಂದು ಪಾಸಿಗೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ ನಿಜ. ಆದರೆ ಕಟರ್ ಮುರಿದರೂ ಹೋಲಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಜಾಬ್ ಉಳಿಯುತ್ತದೆ. ಮುರಿದ ಟ್ಯಾಪನ್ನು ಸ್ಪಾರ್ಕ್ ಮಾಡಿ ತೆಗೆದರೆ ಗೋಡೆಯಲ್ಲಿ ಕರಗಿ ಮರುಗಟ್ಟಿದ ಪದರ ಉಳಿಯುತ್ತದೆ; ಗಿರಾಕಿಗೆ ತಿಳಿಸದೆ ಆ ಕೆಲಸಕ್ಕೆ ಕೈ ಹಾಕಬಾರದು.

ಪ್ರಶ್ನೆ (ಹೊಸೂರು): ಸೆರಾಮಿಕ್ ಇನ್ಸರ್ಟಿನಲ್ಲಿ 250 ಮೀಟರ್ ವೇಗ ಸಿಗುತ್ತದೆ ಎನ್ನುತ್ತಾರೆ. ನಮ್ಮ 11 ಕಿಲೋವ್ಯಾಟ್ ಸಿಎನ್‌ಸಿ ಲೇತ್ ತಡೆಯುತ್ತದೆಯೇ?

ಉತ್ತರ: ಪವರ್ ತಡೆಯುತ್ತದೆ. ಆಳ 2, ಫೀಡ್ 0.15, ವೇಗ 250 ಎಂದು ಹಿಡಿದರೆ ಕತ್ತರಿಸಲು ಬೇಕಾದದ್ದು 4 ಕಿಲೋವ್ಯಾಟಿನ ಆಸುಪಾಸು. ತಡೆಯಬೇಕಾದದ್ದು ಸ್ಪಿಂಡಲ್ ಬೇರಿಂಗ್, ಟರೆಟ್, ಚಕ್ಕಿನ ಹಿಡಿತ. ಸ್ವಲ್ಪ ಸಡಿಲವಿದ್ದರೂ ಸೆರಾಮಿಕ್ ಚಕ್ಕೆ ಹಾರುತ್ತದೆ. ದುಂಡು ಇನ್ಸರ್ಟನ್ನೇ ಬಳಸಿ, ಜಾಬಿನ ಅಂಚಿಗೆ ಮೊದಲೇ ಚಾಂಫರ್ ಹೊಡೆದಿಡಿ. ಟರ್ನಿಂಗಿನಲ್ಲಿ ಕೂಲೆಂಟ್ ಧಾರಾಳವಾಗಿ, ಮೊದಲಿಂದ ಕೊನೆಯವರೆಗೆ ಬೀಳಬೇಕು. ಬಿಟ್ಟು ಬಿಟ್ಟು ಬಿದ್ದರೆ ಬಿರುಕು ಬರುತ್ತದೆ. ಮಿಲ್ಲಿಂಗಿನಲ್ಲಾದರೆ ಸೆರಾಮಿಕ್ ಒಣದಾಗಿಯೇ ಓಡಬೇಕು. ಇನ್ನೊಂದು: ಸೆರಾಮಿಕ್ ಇರುವುದು ರಫಿಂಗಿಗೆ. ಅದು ಕೆಡಿಸಿದ ಪದರವನ್ನು ತೆಗೆಯಲು ಒಂದು ಕಡೆಗೆ 0.5 ಮಿ.ಮೀ. ಆದರೂ ಉಳಿಸಿ, ಕಾರ್ಬೈಡಿನಲ್ಲಿ ಎರಡು ಪಾಸಾಗಿ ಮುಗಿಸಿ.

ಪ್ರಶ್ನೆ (ಸುರತ್ಕಲ್, ವಿದ್ಯಾರ್ಥಿನಿ): ಮೆದು ಸ್ಥಿತಿಯಲ್ಲೇ ಪೂರ್ತಿ ಮಷೀನಿಂಗ್ ಮುಗಿಸಿ ಆಮೇಲೆ ಏಜಿಂಗ್ ಮಾಡಬಾರದೇಕೆ?

ಉತ್ತರ: ಅಳತೆ ನಿಲ್ಲುವುದಿಲ್ಲ. ಏಜಿಂಗಿನಲ್ಲಿ 718 ಒಂದಿಷ್ಟು ಕುಗ್ಗುತ್ತದೆ, ಮೀಟರಿಗೆ ಒಂದು ಮಿಲಿಮೀಟರಿಗಿಂತ ಕಡಿಮೆಯೇ ಆದರೂ ಟಾಲರೆನ್ಸ್ ನುಂಗಲು ಅದು ಸಾಕು. ಒಳಗಿನ ಒತ್ತಡ ಬಿಡುಗಡೆಯಾಗಿ ರಿಂಗ್ ಅಂಡಾಕಾರಕ್ಕೂ ತಿರುಗಬಹುದು. ಮೆದು ಸ್ಥಿತಿ ಕತ್ತರಿಸಲು ಸುಲಭ ಎಂಬುದೂ ಅರ್ಧ ನಿಜ. ಸೊಲ್ಯೂಷನ್ ಟ್ರೀಟ್ ಆದ, ಅಂದರೆ ಏಜಿಂಗಿಗೆ ಮುಂಚಿನ ಮೆದು ಲೋಹ ಟೂಲಿಗೆ ಮೆತ್ತಿಕೊಳ್ಳುತ್ತದೆ, ಚಿಪ್ ಮುರಿಯದೆ ಸುತ್ತಿಕೊಳ್ಳುತ್ತದೆ. ಟೂಲ್ ಹೆಚ್ಚು ಬಾಳುತ್ತದೆ, ಫಿನಿಶ್ ಮಾತ್ರ ಏಜಿಂಗ್ ಆದದ್ದರಲ್ಲೇ ಚೆನ್ನ. ಆದ್ದರಿಂದ ಮೆದು ಸ್ಥಿತಿಯಲ್ಲಿ ರಫ್ ಮಾಡಿ ಒಂದು ಕಡೆಗೆ 0.75ರಿಂದ 1 ಮಿ.ಮೀ. ಬಿಟ್ಟು, 720 ಡಿಗ್ರಿಯಲ್ಲಿ 8 ಗಂಟೆ, ನಂತರ ಕುಲುಮೆಯಲ್ಲೇ 620ಕ್ಕೆ ಇಳಿಸಿ ಒಟ್ಟು 18 ಗಂಟೆ ಏಜಿಂಗ್ ಮುಗಿಸಿ, ಆಮೇಲೆ ಫಿನಿಶ್ ಮಾಡುವುದು ರೂಢಿ.

ಕುಲುಮೆಗೆ ಹಾಕುವ ಮುನ್ನ ಜಾಬನ್ನು ಚೆನ್ನಾಗಿ ತೊಳೆಯಬೇಕು. ಕಟ್ಟಿಂಗ್ ಆಯಿಲಿನ ಗಂಧಕ ಮೈ ಮೇಲೆ ಉಳಿದರೆ ಆ ಬಿಸಿಯಲ್ಲಿ ನಿಕ್ಕಲ್ಲಿನೊಳಗೆ ಇಳಿದು ಲೋಹವನ್ನು ಪೆಡಸು ಮಾಡುತ್ತದೆ. ಮಾರ್ಕರ್ ಪೆನ್ನಿನ ಗುರುತನ್ನೂ ಒರೆಸಿಬಿಡಿ.

ಪ್ರಶ್ನೆ (ಕೊಯಮತ್ತೂರು): 12 ಮಿ.ಮೀ. ಎಂಡ್ ಮಿಲ್ಲಿನಲ್ಲಿ ಪಕ್ಕದಿಂದ 0.6 ಮಿ.ಮೀ. ಮಾತ್ರ ತೆಗೆಯುತ್ತಿದ್ದೇವೆ, ಹಲ್ಲಿಗೆ 0.03 ಫೀಡ್. ಇಷ್ಟು ಹಗುರವಾಗಿ ಓಡಿಸಿದರೂ ಕಟರ್ ಬೇಗ ಸವೆಯುತ್ತಿದೆ.

ಉತ್ತರ: ಹಗುರವಾಗಿ ಓಡಿಸುತ್ತಿರುವುದಕ್ಕೇ ಸವೆಯುತ್ತಿದೆ. ಪಕ್ಕದ ಕಟ್ ವ್ಯಾಸದ ಶೇ 5ರಷ್ಟೇ ಇರುವಾಗ ಚಿಪ್ಪಿನ ನಿಜವಾದ ದಪ್ಪ ಫೀಡಿನ 0.44 ಪಟ್ಟು ಮಾತ್ರ. ನಿಮ್ಮ 0.03 ಅಲ್ಲಿ 0.013 ಆಗಿಬಿಟ್ಟಿದೆ, ಅಂಚಿನ ದುಂಡುತನದ ಮುಂದೆ ಅದು ಏನೂ ಅಲ್ಲ, ಹಲ್ಲು ಕತ್ತರಿಸದೆ ಜಾರುತ್ತಿದೆ. ಹಲ್ಲಿಗೆ 0.08 ಕೊಡಿ, ಚಿಪ್ 0.035 ಬರುತ್ತದೆ. ಐದು ಫ್ಲೂಟ್, 60 ಮೀಟರ್ ವೇಗ ಎಂದರೆ 1590 ಆರ್‌ಪಿಎಂ, ಟೇಬಲ್ ಫೀಡ್ 635ರಷ್ಟು. ಕ್ಲೈಂಬ್ ಮಿಲ್ಲಿಂಗ್ ಮಾತ್ರ ಮಾಡಿ, ಚಿಪ್ ದಪ್ಪದಲ್ಲಿ ಶುರುವಾಗಿ ತೆಳುವಾಗಿ ಮುಗಿಯಬೇಕು. ಜಾಬಿನೊಳಗೆ ನೇರವಾಗಿ ನುಗ್ಗದೆ ಕಮಾನಿನಂತೆ ಸುತ್ತಿ ಒಳಹೋಗಿ. ಪಾಕೆಟ್ಟಿನ ಮೂಲೆಯಲ್ಲಿ ಕಟರ್ ಹಠಾತ್ತನೆ ಹೆಚ್ಚು ಲೋಹ ತಬ್ಬಿಕೊಳ್ಳುವುದರಿಂದ ಮೂಲೆಯ ರೇಡಿಯಸ್ಸಿಗಿಂತ ಕಟರಿನ ರೇಡಿಯಸ್ ಚಿಕ್ಕದಿರಲಿ.

ಪ್ರಶ್ನೆ (ಹುಬ್ಬಳ್ಳಿ): ಕೂಲೆಂಟ್ ಎಷ್ಟು ಗಟ್ಟಿ ಇರಬೇಕು? ಬೋರ್‌ವೆಲ್ ನೀರು ನಡೆಯುತ್ತದೆಯೇ?

ಉತ್ತರ: ಎಮಲ್ಷನ್ ಶೇ 8ರಿಂದ 10. ರಿಫ್ರ್ಯಾಕ್ಟೋಮೀಟರ್ ತೋರಿಸುವ ಅಂಕಿಯೇ ಶೇಕಡಾ ಅಲ್ಲ. ಡಬ್ಬಿಯ ಮೇಲೆ ಕೊಟ್ಟಿರುವ ಗುಣಾಂಕದಿಂದ ಗುಣಿಸಬೇಕು. ಗುಣಾಂಕ 1.5 ಇದ್ದು ಮೀಟರ್ 6 ತೋರಿಸಿದರೆ ನಿಮ್ಮಲ್ಲಿರುವುದು ಶೇ 9. ಗಡಸು ಬೋರ್‌ವೆಲ್ ನೀರಿನಲ್ಲಿ ಎಣ್ಣೆ ಒಡೆದು ಮೇಲೆ ತೇಲುತ್ತದೆ, ಜಿಡ್ಡು ಕಟ್ಟುತ್ತದೆ. ಆರ್‌ಒ ನೀರು ಬೆರೆಸಿ. ಯಾವಾಗಲೂ ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರಲ್ಲ. ಟ್ಯಾಂಕ್ ಇಳಿದಾಗ ಬರೀ ನೀರು ಸುರಿಯದೆ, ಶೇ 3ರಿಂದ 4ರಷ್ಟು ತೆಳುವಾಗಿ ಕಲಸಿದ್ದನ್ನು ತುಂಬಿ.

70 ಬಾರ್ ಪಂಪ್ ಹಾಕಿಸುವ ಶಕ್ತಿ ಇದ್ದರೆ ಅದು ದುಡ್ಡಿಗೆ ತಕ್ಕ ಕೆಲಸ. ಧಾರೆ ಚಿಪ್ಪಿಗೂ ಇನ್ಸರ್ಟಿನ ಮೇಲ್ಮೈಗೂ ನಡುವೆ ನುಗ್ಗುವಂತಿರಬೇಕು, ಚಿಪ್ಪಿನ ಬೆನ್ನ ಮೇಲೆ ಬಿದ್ದರೆ ಪ್ರಯೋಜನವಿಲ್ಲ. ಅಷ್ಟು ಬಂಡವಾಳ ಇಲ್ಲದಿದ್ದರೆ ಈಗಿರುವ ನಾಝಲ್ ಬಾಯಿ ಕಿರಿದು ಮಾಡಿ, ಅಂಚಿನ ಹತ್ತಿರಕ್ಕೆ ತಂದು ಬಿಗಿ ಮಾಡಿ. ಒಂದೇ ಪಂಪಿಗೆ ನಾಲ್ಕು ನಾಝಲ್ ಇದ್ದರೆ ಮೂರನ್ನು ಮುಚ್ಚಿ.